ಎಣಿಕೆಯ ಮೇಜು

“ಎರಡು ಶೀಟು ಕಮ್ಮಿ! ಯಾವಳೇ ಅವಳು, ಹೊಟ್ಟೆಗೆ ಸುತ್ಕೊಂಡು ಮನೆಗೆ ಸಾಗಿಸಿದೋಳು? ಈಗ್ಲೇ ಬಾಯಿ ಬಿಡ್ಬೇಕು. ಇಲ್ಲಾಂದ್ರೆ ಮೂರು ಜನಾನೂ ಬಟ್ಟೆ ಬಿಚ್ಚಿ ನಿಂತ್ಕೊಳ್ಳಿ!”

“ಬಿಚ್ತೀವಿ ಸಾರ್. ಮೊದ್ಲು ನೀವು ಮೆಟ್ಟಿಲು ಇಳಿದು ಕೆಳಗೆ ಬನ್ನಿ. ಅಲ್ಲಿಂದ ಸರಿಯಾಗಿ ಕಾಣಲ್ಲ,” ಎಂದಳು ಅತ್ತಿಗೆ.

“ನಾಲಿಗೆ ಬಿಗಿ ಹಿಡಿ, ಮುಂಡೆ.”

“ಗಂಡ ಸತ್ತು ಒಂಬತ್ತು ವರ್ಷ ಆಯ್ತು. ಮುಂಡೆ ಅಂತ ಎಲ್ರಿಗೂ ಗೊತ್ತು. ಹೊಸ ಸುದ್ದಿ ಏನಾದ್ರೂ ಇದ್ರೆ ಹೇಳಿ.”

ಮೂರನೇ ಮೆಟ್ಟಿಲಿಗಿಂತ ಕೆಳಗೆ ಅವನು ಎಂದೂ ಇಳಿದವನಲ್ಲ. ಆಸ್ಪತ್ರೆಯ ಮ್ಯಾನೇಜರು. ನೆಲಮಾಳಿಗೆಯಲ್ಲಿದ್ದ ನಮ್ಮ ಲಾಂಡ್ರಿಗೆ ಬರುವಾಗ ಒಂದು ಕೈಯಲ್ಲಿ ಮೂಗಿಗೆ ಒತ್ತಿದ ಕರವಸ್ತ್ರ, ಇನ್ನೊಂದು ಕೈ ಕೋಟಿನ ಜೇಬಿನೊಳಗೆ. ಗೋಡೆಗಾಗಲಿ ಕಂಬಿಗಾಗಲಿ ಮೈ ತಾಗಿಸುತ್ತಿರಲಿಲ್ಲ. ಅವನ ಅಂಗಿಗೆ, ಕೋಟಿಗೆ ಇಸ್ತ್ರಿ ಹಾಕುತ್ತಿದ್ದವರು ನಾವೇ. ತೋಳಿನ ಮೇಲೆ ಒಂದು ಗೆರೆ ಇರಬೇಕಾದಲ್ಲಿ ಎರಡು ಗೆರೆ ಬಿದ್ದರೆ ಮೂರು ಜನರಿಗೂ ಬೈಗುಳ. ಹಾಗಾಗಿ ಅವನಿಗೆ ನಾವಿಟ್ಟ ಹೆಸರೇ ಇಸ್ತ್ರಿ.

“ಹನ್ನೆರಡನೇ ನಂಬರಿನವನು ಬೆಳಿಗ್ಗೆ ತೀರ್ಕೊಂಡ,” ಎಂದಳು ಅತ್ತಿಗೆ. “ಎರಡು ಶೀಟಲ್ಲಿ ಸುತ್ತಿ ಮನೆಯವರ ಕೈಗೆ ಕೊಟ್ಟಿದ್ದಾರೆ. ಹೋಗಿ ಅವನ್ನ ಕೇಳಿ, ವಾಪಸ್ ಕೊಡ್ತಾನೋ ಏನೋ.”

ಬಟ್ಟೆ ಮಡಚುತ್ತಿದ್ದ ಕುಳ್ಳಿ ಕಿಸಕ್ಕನೆ ನಕ್ಕಳು. ಅವಳು ನಿಜವಾಗಿ ಅಷ್ಟೇನೂ ಕುಳ್ಳಿಯಲ್ಲ. ಅತ್ತಿಗೆಯ ಪಕ್ಕದಲ್ಲಿ ನಿಂತರೆ ಯಾರಾದರೂ ಕುಳ್ಳರೇ.

ಇಸ್ತ್ರಿಗೆ ಕೋಪ ಬಂದಾಗ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. “ಈಗ ಬಂದಿರೋ ಕೆಂಪು ಚೀಲ ಬಿಚ್ಚಿ. ಮೇಜಿನ ಮೇಲೆ ಹಾಕಿ. ಒಂದೊಂದೇ ಶೀಟು ಕೊಡವಿ, ಜೋರಾಗಿ ಎಣಿಸಿ. ನಾನು ಇಲ್ಲೇ ನಿಂತು ನೋಡ್ತೀನಿ.”

“ಕೆಂಪು ಚೀಲ ಬಿಚ್ಚಬಾರ್ದು ಅಂತ ನರ್ಸಮ್ಮ ಹೇಳಿದ್ದಾರೆ.”

“ನಿಂಗೆ ಸಂಬಳ ನರ್ಸಮ್ಮ ಕೊಡ್ತಾಳೇನೇ?”

ಕೆಂಪು ಚೀಲದ ವಿಷಯ ಹೇಳಿಬಿಡುತ್ತೇನೆ. ಮೇಲಿನ ಮಹಡಿಯ ಕೊನೆಯಲ್ಲಿ ಬಾಗಿಲು ಹಾಕಿದ ಒಂದು ವಾರ್ಡು ಇತ್ತು. ಯಾವ ಔಷಧಿಗೂ ಬಗ್ಗದ ಸೋಂಕು ಹತ್ತಿದವರನ್ನು ಅಲ್ಲಿ ಮಲಗಿಸುತ್ತಿದ್ದರು. ಅಲ್ಲಿನ ಬಟ್ಟೆಯೆಲ್ಲ ಕೆಂಪು ಚೀಲದಲ್ಲಿ ಬರುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವು ನೀರಿನಲ್ಲಿ ಕರಗುವ ಚೀಲಗಳು. ಬಾಯಿ ಕಟ್ಟಿದ ಚೀಲವನ್ನು ಹಾಗೇ ಮೆಷಿನ್ನಿಗೆ ಹಾಕಬೇಕು, ಒಳಗೆ ಅದು ಕರಗಿಹೋಗುತ್ತದೆ, ಯಾರ ಕೈಯೂ ಬಟ್ಟೆಗೆ ತಾಗುವುದಿಲ್ಲ. ಇಸ್ತ್ರಿ ಬಂದ ಮೇಲೆ ಖರ್ಚು ಉಳಿಸಲು ಆ ಚೀಲ ನಿಲ್ಲಿಸಿದ, ಬರೀ ಕೆಂಪು ಪ್ಲಾಸ್ಟಿಕ್ಕು ಬಂತು. ಅದು ಕರಗುವುದಿಲ್ಲ. ಬಿಚ್ಚಿ ಸುರಿಯಲೇಬೇಕು. ಬಾಯ್ಲರಿನ ಮುಳ್ಳು ಎಪ್ಪತ್ತು ಡಿಗ್ರಿ ದಾಟಬೇಕಿತ್ತು, ಅದನ್ನೂ ನಲವತ್ತಕ್ಕೆ ಇಳಿಸಿದ. ಚಳಿಯಲ್ಲಿ ಬಂದವರು ಸ್ನಾನ ಮಾಡುವಷ್ಟು ಬಿಸಿ. ಮನುಷ್ಯರಿಗೆ ಹಿತ, ಕ್ರಿಮಿಗೂ ಹಿತ.

ಆಮೇಲೆ ಶೀಟು ಕಳವಾಗುತ್ತಿದೆ ಎಂಬ ಗುಮಾನಿ ಬಂತು ಅವನಿಗೆ. ಒಂದು ಕ್ಯಾಮೆರಾ ತರಿಸಿದ. ಒಂದೇ ಒಂದು. ಕೋಣೆಯ ನಡುವಿನ ಉದ್ದನೆಯ ಮೇಜಿನ ಮೇಲೆ, ಸೂರಿನಿಂದ ಇಳಿಬಿಡಿಸಿದ. ಬರುವ ಬಟ್ಟೆ, ಹೋಗುವ ಬಟ್ಟೆ, ಎಲ್ಲವೂ ಆ ಕ್ಯಾಮೆರಾದ ಕಣ್ಣ ಕೆಳಗೆ, ಆ ಒಂದೇ ಮೇಜಿನ ಮೇಲೆ ಎಣಿಕೆಯಾಗಬೇಕು. ಬೆಳಿಗ್ಗೆ ಕೆಂಪು ಚೀಲದ ಶೀಟುಗಳನ್ನು ಅಲ್ಲಿ ಕೊಡವುತ್ತಿದ್ದೆವು. ಮಧ್ಯಾಹ್ನ ಒಗೆದು ಒಣಗಿದ ಶೀಟುಗಳನ್ನು ಅಲ್ಲೇ ಮಡಚುತ್ತಿದ್ದೆವು. ನಡುವೆ ಒಂದು ಸಲ ಒದ್ದೆ ಬಟ್ಟೆಯಲ್ಲಿ ಮೇಜು ಒರೆಸುತ್ತಿದ್ದಳು ಕುಳ್ಳಿ. ಅದೂ ಅವಳಿಗೆ ನೆನಪಾದರೆ. ಮೊದಲು ಕೊಳೆ ಬಟ್ಟೆಗೆ ಒಂದು ಬಾಗಿಲು, ಒಗೆದ ಬಟ್ಟೆಗೆ ಇನ್ನೊಂದು ಬಾಗಿಲು ಇತ್ತು. ಕ್ಯಾಮೆರಾಕ್ಕೆ ಎರಡು ಬಾಗಿಲು ಒಟ್ಟಿಗೆ ಕಾಣುವುದಿಲ್ಲವೆಂದು ಎರಡನೆಯದಕ್ಕೆ ಬೀಗ ಜಡಿಸಿದ. ನಾವು ಕಳ್ಳಿಯರೆಂದು ಅವನಿಗೆ ಅನ್ನಿಸಿದ್ದಕ್ಕೆ ಇಡೀ ಆಸ್ಪತ್ರೆಯ ಕೊಳೆಯೂ ಮಡಿಯೂ ಒಂದೇ ಮೇಜಿಗೆ ಬಂದವು.

ಅತ್ತಿಗೆ ಚೀಲ ಬಿಚ್ಚಿದಳು. ಗ್ಲೌಸು ಮೂರು ಜನಕ್ಕೆ ಒಂದು ಜೊತೆ. ಅದರ ಬಲಗೈಯ ಎರಡು ಬೆರಳು ಹರಿದಿದ್ದವು. ಹೊಸ ಪೆಟ್ಟಿಗೆ ಇಸ್ತ್ರಿಯ ಬೀರುವಿನಲ್ಲಿತ್ತು, ಬೀಗದ ಕೈ ಅವನ ಜೇಬಿನಲ್ಲಿತ್ತು.

“ಒಂದು,” ಎಂದು ಶೀಟು ಕೊಡವಿದಳು. ಒಣಗಿದ ಕೀವು ಪುಡಿಯಾಗಿ ಎದ್ದದ್ದು ಸೂರಿನಂಚಿನ ಸಣ್ಣ ಕಿಟಕಿಯ ಬೆಳಕಿನಲ್ಲಿ ಕಾಣಿಸಿತು. “ಎರಡು. ಮೂರು. ಕಾಣ್ತಿದೆಯಾ ಸಾರ್? ಇನ್ನೂ ಅಗಲ ಹಿಡೀಲಾ?”

ಹದಿನೇಳು ಮುಗಿದಿತ್ತು. ಹದಿನೆಂಟನೆಯದನ್ನು ಎತ್ತಿದವಳು ಹಲ್ಲು ಕಚ್ಚಿ ನಿಂತುಬಿಟ್ಟಳು. ಮಡಿಕೆಯಲ್ಲಿ ಯಾರೋ ಮರೆತು ಬಿಟ್ಟಿದ್ದ ಇಂಜೆಕ್ಷನ್ ಸೂಜಿ, ಬಲಗೈ ಹೆಬ್ಬೆರಳಿನ ಬುಡಕ್ಕೆ ಪೂರ್ತಿ ಇಳಿದಿತ್ತು. ಕಿತ್ತು ಹಾಕಿದಳು. ಒಂದು ಹನಿ ರಕ್ತ ಬಂತು, ಅಷ್ಟೇ. ಕೈ ಎತ್ತಿ ಅವನಿಗೆ ತೋರಿಸಿದಳು.

“ನಾಟಕ ಆಮೇಲೆ ಆಡು. ಎಷ್ಟಾಯ್ತು?”

“ಹದಿನೆಂಟು,” ಎಂದಳು ಅತ್ತಿಗೆ. “ಸೂಜಿ ಸೇರಿಸಿದ್ರೆ ಹತ್ತೊಂಬತ್ತು.”

ಕೊನೆಗೂ ಎರಡು ಕಮ್ಮಿಯೇ ಬಂತು. ಸತ್ತವನು ವಾಪಸ್ ಕೊಟ್ಟಿರಲಿಲ್ಲ.

*

ಮೂರನೆಯ ದಿನ ಅತ್ತಿಗೆಯ ಅಂಗೈ ಊದಿತು. ಐದನೆಯ ದಿನ ಮೊಣಕೈಯವರೆಗೆ ಕೆಂಪಾಯಿತು. ನಾನು ಬೇಡ ಬೇಡವೆಂದರೂ ಎಡಗೈಯಲ್ಲಿ ಟ್ರಾಲಿ ತಳ್ಳುತ್ತಲೇ ಇದ್ದಳು.

“ರಜಾ ಹಾಕಿದ್ರೆ ಕಳ್ಳಿ ಸಿಕ್ಕಿಬಿದ್ಲು ಅಂತಾನೆ ಆ ಬೋಳಿಮಗ. ಸುಮ್ನಿರೇ.”

ಅಣ್ಣ ಹೋದ ಮೇಲೆ ನಾವಿಬ್ಬರೇ ಒಂದು ಮನೆ. ನನ್ನ ಗಂಡ ಬದುಕಿದ್ದಾನೆ, ಎಲ್ಲಿ ಎಂದು ನನಗೂ ಬೇಡ, ನಾನೆಲ್ಲಿ ಎಂದು ಅವನಿಗೂ ಬೇಡ. ಗಂಡ ಬಿಟ್ಟವಳನ್ನು ಅಣ್ಣ ಒಳಗೆ ಕರೆಯಲು ಹಿಂದೆ ಮುಂದೆ ನೋಡಿದಾಗ, “ನಾದಿನಿ ಬಾಗಿಲಲ್ಲಿ ನಿಂತಿದ್ದಾಳೆ, ನೀವು ಸ್ವಲ್ಪ ಪಕ್ಕಕ್ಕೆ ಸರೀರಿ,” ಎಂದು ಅವನನ್ನೇ ತಳ್ಳಿ ನನ್ನ ಕೈ ಹಿಡಿದು ಒಳಗೆ ಎಳೆದುಕೊಂಡವಳು ಅತ್ತಿಗೆ. ಆ ಕೈಯೇ ಇದು.

ಆರನೆಯ ದಿನ ಜ್ವರದಲ್ಲಿ ಟ್ರಾಲಿಯ ಮೇಲೇ ಕುಸಿದಳು. ಕುಳ್ಳಿಯೂ ನಾನೂ ಅದೇ ಟ್ರಾಲಿಯಲ್ಲಿ ಅವಳನ್ನು ಮೇಲಕ್ಕೆ ಕೊಂಡೊಯ್ದೆವು. ಎರಡು ದಿನ ಬಿಟ್ಟು ಪರೀಕ್ಷೆಯ ಚೀಟಿ ಬಂತು. ಅವಳನ್ನು ಮಹಡಿಯ ಕೊನೆಯ ವಾರ್ಡಿಗೆ, ಬಾಗಿಲು ಹಾಕಿದ ವಾರ್ಡಿಗೆ ಹಾಕಿದರು.

ಆ ವಾರ್ಡಿನ ನರ್ಸಮ್ಮ ಅಂದೇ ನಮ್ಮ ಕೋಣೆಗೆ ಇಳಿದು ಬಂದಳು. ಮೇಜನ್ನು ನೋಡಿದಳು. ಒಂದು ತುದಿಯಲ್ಲಿ ಬಿಚ್ಚಿದ ಕೆಂಪು ಚೀಲ, ಇನ್ನೊಂದು ತುದಿಯಲ್ಲಿ ಕುಳ್ಳಿ ಮಡಚಿಟ್ಟ ಬಿಳಿ ಶೀಟಿನ ರಾಶಿ. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟಳು.

“ಎಷ್ಟು ದಿನದಿಂದ ಹೀಗೆ ಮಾಡ್ತಿದ್ದೀರ?”

“ಕ್ಯಾಮೆರಾ ಬಂದಾಗಿಂದ. ವರ್ಷದ ಮೇಲಾಯ್ತು.”

“ನಾನು ಮೇಲೆ ಬಾಗಿಲು ಹಾಕ್ಕೊಂಡು, ಬಾಯಿಗೆ ಬಟ್ಟೆ ಕಟ್ಕೊಂಡು ಕಾಯ್ತಾ ಇದ್ದೀನಿ. ಸೋಂಕು ಬೇರೆ ವಾರ್ಡಿಗೆ ಹೆಂಗೆ ಹೋಗ್ತಿದೆ, ಹೆರಿಗೆ ವಾರ್ಡಿಗೆ ಹೆಂಗೆ ಹೋಯ್ತು ಅಂತ ತಲೆ ಕೆಡಿಸ್ಕೊಂಡು ಕೂತಿದ್ದೀನಿ. ಮಡಚಿ, ಇಸ್ತ್ರಿ ಹಾಕಿ, ಟ್ರಾಲಿಲಿ ಇಟ್ಟು ಇಲ್ಲಿಂದಲೇ ಕಳಿಸ್ತಿದ್ದೀರಲ್ಲೇ!”

“ನಾವು ಕಳಿಸ್ತಿಲ್ಲ. ಅವನು ಕಳಿಸ್ತಿದ್ದಾನೆ,” ಎಂದೆ. ನನ್ನ ದನಿ ಒರಟಾಗಿತ್ತು. “ಒಂದೇ ಮೇಜಲ್ಲಿ ಮಾಡಿ ಅಂದೋನು ಅವನು. ನಮ್ಮ ಮೇಲೆ ಯಾಕೆ ಹಾರಾಡ್ತೀರಿ?”

ಅವಳು ತಲೆಯೆತ್ತಿ ಸೂರಿನ ಕ್ಯಾಮೆರಾ ನೋಡಿದಳು. “ಕ್ರಿಮಿಗೆ ರೆಕ್ಕೆ ಇಲ್ಲ ಕಣಮ್ಮ,” ಎಂದಳು ಆಮೇಲೆ. “ಅದು ಎಲ್ಲಿಗೆ ಹೋಗ್ಬೇಕಾದ್ರೂ ಯಾರಾದ್ರೂ ಹೊತ್ಕೊಂಡೇ ಹೋಗ್ಬೇಕು. ಒಂದು ಕೈ, ಒಂದು ಬಟ್ಟೆ, ಒಂದು ಮೇಜು. ಇಲ್ಲಿ ಮೂರೂ ಕೊಟ್ಟಿದ್ದಾನೆ ಅವನು.”

ನಲ್ಲಿಯ ಹತ್ತಿರ ನಿಲ್ಲಿಸಿ ನಮಗೆ ಕೈ ತೊಳೆಯುವುದನ್ನು ತೋರಿಸಿದಳು. ಅಂಗೈ, ಹಿಂಗೈ, ಬೆರಳ ಸಂದು, ಹೆಬ್ಬೆರಳ ಸುತ್ತ, ಉಗುರಿನ ತುದಿ, ಮಣಿಕಟ್ಟು. ಇಪ್ಪತ್ತು ವರ್ಷ ಬಟ್ಟೆ ಒಗೆದವಳಿಗೆ ಕೈ ತೊಳೆಯಲು ಕಲಿಸುತ್ತಾಳಲ್ಲ ಎಂದು ಮೊದಲು ಸಿಟ್ಟು ಬಂತು. ಆದರೆ ಕಲಿತೆ. ಅತ್ತಿಗೆಯ ಹತ್ತಿರ ಹೋಗಬೇಕಾದರೆ ಅದು ಬೇಕಿತ್ತು.

ಆಮೇಲೆ ನರ್ಸಮ್ಮ ಇಸ್ತ್ರಿಯ ಕೋಣೆಗೆ ಹೋಗಿ ಜಗಳವಾಡಿದಳಂತೆ. ಎರಡು ಶೀಟು ಕಳೆದುಹೋದ ಆಸ್ಪತ್ರೆಯಲ್ಲಿ ಎಣಿಸುವುದನ್ನು ನಿಲ್ಲಿಸಲಾಗುವುದಿಲ್ಲ ಎಂದನಂತೆ ಅವನು. ಅವಳು ಅಲ್ಲಿಗೇ ಬಿಡಲಿಲ್ಲ. ಮೇಲಿನವರಿಗೆ ಕಾಗದ ಬರೆದಳು. ಅವಳ ವಾರ್ಡಿನಲ್ಲಿ ಅಷ್ಟರಲ್ಲಿ ಐದು ಜನ ಸತ್ತಿದ್ದರು. ಸೋಮವಾರ ತಪಾಸಣೆಗೆ ಬರುತ್ತಾರೆ ಎಂಬ ಸುದ್ದಿ ಬಂತು.

*

ಸುದ್ದಿ ಬಂದ ಮಧ್ಯಾಹ್ನವೇ ಇಸ್ತ್ರಿ ನನ್ನನ್ನು ತನ್ನ ಕೋಣೆಗೆ ಕರೆಸಿದ.

ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ನೆಲದ ಮೇಲೆ ಒಂದು ಬಿಳಿ ಪಟ್ಟಿ ಅಂಟಿಸಿದ್ದರು. ಅದನ್ನು ನಾವು ದಾಟುವಂತಿಲ್ಲ.

“ನಿನ್ನ ಅತ್ತಿಗೆ ಕೈ ಉಳೀಬೇಕಾ ಬೇಡ್ವಾ?”

“ಉಳೀಬೇಕು ಸಾರ್.”

“ಆ ವಾರ್ಡಲ್ಲಿ ಹಾಸಿಗೆ ಸುಮ್ನೆ ಸಿಗಲ್ಲ. ಹೊರಗಿಂದ ಒಂದು ಔಷಧಿ ತರಿಸ್ತಿದ್ದಾರೆ, ಕೊನೇ ಔಷಧಿ. ಅದು ಹತ್ತಿದ್ರೆ ಕೈ ಉಳಿಯುತ್ತೆ. ಕೊಡಿಸ್ಬೇಕು ಅಂತ ನನ್ಗೂ ಆಸೆ. ಮನುಷ್ಯನಲ್ವಾ ನಾನು?” ಮೇಜಿನ ಮೇಲೆ ಒಂದು ಕಾಗದವನ್ನು ನನ್ನ ಕಡೆಗೆ ಅಳತೆಪಟ್ಟಿಯಿಂದ ತಳ್ಳಿದ. “ಇದಕ್ಕೊಂದು ಸಹಿ ಹಾಕು. ಇವತ್ತೇ ಔಷಧಿ ಶುರು ಮಾಡಿಸ್ತೀನಿ. ಇಲ್ಲಾ ಅಂದ್ರೆ ಸಂಜೆ ಗಾಡಿ ತಂದು ಮನೆಗೆ ಕರ್ಕೊಂಡು ಹೋಗು.”

ನಾನು ಓದಿದೆ. ‘ನಮಗೆ ದಿನವೂ ಹೊಸ ಗ್ಲೌಸುಗಳನ್ನು ಕೊಟ್ಟಿರುತ್ತಾರೆ. ಕೆಂಪು ಚೀಲ ಬಿಚ್ಚಬಾರದೆಂದು ತಿಳಿಸಿರುತ್ತಾರೆ. ನನ್ನ ಅತ್ತಿಗೆಯ ಕೈಗೆ ಗಾಯವಾದದ್ದು ಮನೆಯಲ್ಲಿ. ಆಕೆಯ ಸೋಂಕಿಗೂ ಆಸ್ಪತ್ರೆಯ ಬಟ್ಟೆಗೂ ಸಂಬಂಧವಿರುವುದಿಲ್ಲ.’

“ಇದು ಸುಳ್ಳು, ಸಾರ್. ನಿಮ್ಮ ಕಣ್ಣೆದುರಿಗೇ ಸೂಜಿ ಚುಚ್ಚಿದ್ದು. ಕೈ ಎತ್ತಿ ತೋರಿಸಿದ್ಲು.”

“ನಾನು ಅಲ್ಲಿರಲೇ ಇಲ್ಲ.”

“ಕ್ಯಾಮೆರಾದಲ್ಲಿ ಇದೆ.”

“ಕ್ಯಾಮೆರಾ ಕೆಟ್ಟು ಎರಡು ತಿಂಗಳಾಯ್ತು. ರಿಪೇರಿಗೆ ಹೇಳಿದ್ದೀನಿ.” ನಕ್ಕ. “ಆ ಬಟ್ಟೆಗಳಲ್ಲಿ ಏನಿದೆ ಅಂತ ಹೆದರ್ತೀರಿ ನೀವು? ಏನೂ ಇಲ್ಲ. ನಿಮ್ಮ ಮನೆ ಗಲೀಜು ತಂದು ನಮ್ಮ ಆಸ್ಪತ್ರೆಗೆ ಮೆತ್ತುತ್ತೀರಿ. ಸಹಿ ಹಾಕ್ತೀಯೋ, ಗಾಡಿ ತರ್ತೀಯೋ?”

ಪೆನ್ನನ್ನು ಕಾಗದದ ಪಕ್ಕಕ್ಕೆ ಉರುಳಿಸಿದ. ನಾನು ಸಹಿ ಹಾಕಿದೆ. ಅಕ್ಷರ ದುಂಡಗೆ ಬಂತು. ಪೆನ್ನನ್ನು ವಾಪಸ್ ಕೊಡಲು ಚಾಚಿದಾಗ ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

“ಬೇಡ ಬೇಡ, ನೀನೇ ಇಟ್ಕೋ ಅದನ್ನ.”

ಅಳತೆಪಟ್ಟಿಯಿಂದಲೇ ಕಾಗದವನ್ನು ತನ್ನ ಕಡೆ ಎಳೆದುಕೊಂಡು, ಜೇಬಿನಿಂದ ಪುಟ್ಟ ಶೀಷೆ ತೆಗೆದು ಅಂಗೈಗೆ ಏನೋ ಸುರಿದುಕೊಂಡು ಎರಡೂ ಕೈ ತಿಕ್ಕಿದ. ನಾನು ಅವನನ್ನು ಮುಟ್ಟಿರಲಿಲ್ಲ. ನಾನು ಮುಟ್ಟಿದ ಪೆನ್ನನ್ನು ಅವನು ಮುಟ್ಟಿರಲಿಲ್ಲ. ಏನೂ ಇಲ್ಲ ಎಂದ ಬಾಯಿ ಇನ್ನೂ ಮುಚ್ಚಿರಲಿಲ್ಲ, ಕೈ ಕೈಯನ್ನು ತಿಕ್ಕುತ್ತಿತ್ತು.

ಇವನಿಗೆ ಎಲ್ಲಾ ಗೊತ್ತು ಎಂದು ಆಗ ನನಗೆ ತಿಳಿಯಿತು. ನಮಗಿಂತ ಮೊದಲು, ನಮಗಿಂತ ಚೆನ್ನಾಗಿ ಗೊತ್ತು.

*

“ಓದಿ ಹಾಕಿದ್ಯೋ, ಓದದೆ ಹಾಕಿದ್ಯೋ?” ಎಂದಳು ಅತ್ತಿಗೆ. ಜ್ವರಕ್ಕೆ ತುಟಿ ಒಡೆದಿತ್ತು. ಕೈ ಬಟ್ಟೆಯ ಉಂಡೆಯಂತೆ ಪಕ್ಕದಲ್ಲಿ ಬಿದ್ದಿತ್ತು.

“ಓದಿ.”

“ಓದದೆ ಹಾಕಿದ್ರೆ ದಡ್ಡಿ ಅಂತ ಬಿಟ್ಬಿಡ್ತಿದ್ದೆ. ಥೂ ನಿನ್ನ! ಏಳನೇ ಕ್ಲಾಸು ಯಾಕೆ ಓದಿದ್ಯೇ, ಅವನ ಸುಳ್ಳಿಗೆ ದುಂಡಗೆ ಸಹಿ ಹಾಕೋಕಾ? ನನ್ನ ಕೈ ಕೊಳೀತು ಸರಿ, ನಿನ್ನ ಕೈಗೇನಾಗಿತ್ತು?”

“ಔಷಧಿ ಕೊಡಿಸ್ತೀನಿ ಅಂದ.”

“ಕೊಟ್ಟು ನೋಡ್ಲಿ,” ಎಂದು ಗೋಡೆ ಕಡೆ ತಿರುಗಿದಳು.

ಔಷಧಿ ಕೊಟ್ಟರು. ಮೂರು ದಿನ ಹನಿ ಹನಿಯಾಗಿ ಇಳಿಯಿತು. ಹತ್ತಲಿಲ್ಲ. ಶನಿವಾರ ಬೆಳಿಗ್ಗೆ ಕೈ ಕಪ್ಪಾಗಿತ್ತು. ದೊಡ್ಡ ಡಾಕ್ಟರು ಬಂದು, ಕೈ ಬಿಡದಿದ್ದರೆ ಜೀವ ಬಿಡಬೇಕಾಗುತ್ತದೆ ಎಂದು ನನಗೆ ಹೇಳಿದರು. ಅವಳಿಗೆ ನಾನು ಹೇಳಿದೆ. ಮೊಣಕೈಗಿಂತ ನಾಲ್ಕು ಬೆರಳು ಮೇಲೆ ಕತ್ತರಿಸಿದರು.

ಭಾನುವಾರ ಅವಳಿಗೆ ಎಚ್ಚರವಿತ್ತು. ಜ್ವರ ಇಳಿದಿತ್ತು. ಇಲ್ಲದ ಕೈಯ ಬೆರಳು ತುರಿಸುತ್ತಿದೆ ಎಂದಳು. ನಾನು ಏನು ಮಾಡಲಿ ಎಂದು ತಿಳಿಯದೆ ಹಾಸಿಗೆಯ ಖಾಲಿ ಜಾಗವನ್ನು ಕೆರೆದೆ.

“ಸ್ವಲ್ಪ ಮೇಲೆ,” ಎಂದಳು. ಇಬ್ಬರಿಗೂ ನಗು ಬಂತು. ನಗು ನಿಲ್ಲುವಾಗ ನನಗೆ ಅಳು ಬಂತು, ಅವಳಿಗೆ ಬರಲಿಲ್ಲ.

“ಅವನಿಗೆ ಹೇಳು, ಎಣಿಸೋ ಕೆಲ್ಸಕ್ಕೆ ಬೇರೆಯವಳನ್ನ ನೋಡ್ಕೊಳ್ಳಲಿ. ನಾನಿನ್ನು ಐದರ ತನಕ ಮಾತ್ರ ಎಣಿಸೋದು.”

“ಅವನ ಕತ್ತು ಹಿಸುಕಿ ಬರ್ತೀನಿ ಅತ್ತಿಗೆ.”

“ಹಿಸುಕಿ ಜೈಲಿಗೆ ಹೋಗು. ನಂಗೆ ಗಂಜಿ ಕಾಯಿಸೋಕೆ ಅವನು ಬರ್ತಾನಾ?” ಎಡಗೈಯಿಂದ ಶೀಟಿನ ಅಂಚನ್ನು ಎಳೆದು ನನ್ನ ಮುಖಕ್ಕೆ ಹಿಡಿದಳು. ಮೂಲೆಯಲ್ಲಿ ನೀಲಿ ದಾರದ ತೇಪೆ. “ನಾನೇ ಹೊಲಿದದ್ದು. ನಮ್ಮ ಮೇಜಿನ ಮೇಲೆ ಮಡಚಿದ್ದು. ಇದರ ಮೇಲೇ ನನ್ನನ್ನ ಮಲಗ್ಸಿದ್ದಾರೆ. ಕೈ ಉಳಿಸ್ತೀನಿ ಅಂತ ಸಹಿ ಇಸ್ಕೊಂಡ. ಕೈ ಹೋಯ್ತು. ಇನ್ನು ನಿನ್ನ ಬಾಯಿ ಕಟ್ಟೋಕೆ ಅವನ ಹತ್ರ ಏನಿದೆಯೇ?”

“ಹಾಸಿಗೆ ಇದೆ.”

“ಈ ಹಾಸಿಗೇನಾ? ನರ್ಸಮ್ಮ ಬೇರೆ ಆಸ್ಪತ್ರೆಗೆ ಹೇಳಿಟ್ಟಿದ್ದಾಳೆ. ಅವನೇನು ಹೊರಗೆ ಹಾಕೋದು, ನಾನೇ ಹೋಗ್ತೀನಿ.” ಉಸಿರು ತೆಗೆದುಕೊಂಡಳು. “ಆದ್ರೆ ಅವನು ಸುಮ್ನೆ ಉಳೀಬಾರ್ದು. ಕೇಳಿಸ್ತಾ? ಮೂರನೇ ಮೆಟ್ಟಿಲ ಮೇಲೆ ನಿಂತ್ಕೊಂಡೇ ಅವನು ಉಳ್ಕೊಂಡುಬಿಡಬಾರ್ದು.”

*

ಸೋಮವಾರ ಬೆಳಿಗ್ಗೆ ಲಾಂಡ್ರಿಯ ಗುರುತೇ ಸಿಗುವಂತಿರಲಿಲ್ಲ. ಬೀಗ ಜಡಿದಿದ್ದ ಬಾಗಿಲು ತೆರೆದಿತ್ತು. ಬಾಯ್ಲರಿನ ಮುಳ್ಳು ಎಂಬತ್ತರಲ್ಲಿತ್ತು. ಮೇಜಿನ ಮೇಲೆ ಹೊಸ ಹಾಳೆ, ಹಾಳೆಯ ಮೇಲೆ ಗ್ಲೌಸಿನ ಮೂರು ಪೆಟ್ಟಿಗೆ. ಕ್ಯಾಮೆರಾ ಇದ್ದಲ್ಲಿ ಸೂರಿನಲ್ಲಿ ಎರಡು ತೂತು ಮಾತ್ರ ಇದ್ದವು. ಇವತ್ತು ಒಂದು ದಿನ ಏನನ್ನೂ ಎಣಿಸಬಾರದು, ಚೀಲ ಮುಟ್ಟಬಾರದು ಎಂದು ಅಪ್ಪಣೆಯಾಗಿತ್ತು.

“ಈ ಗ್ಲೌಸು ಹಾಕ್ಕೊಂಡ್ರೆ ನಾವೂ ಡಾಕ್ಟರೇ ಬಿಡು,” ಎಂದು ಕುಳ್ಳಿ ಎರಡೂ ಕೈ ಎತ್ತಿ ತೋರಿಸಿದಳು. ಆಮೇಲೆ, “ಇದು ಹೋದ ತಿಂಗಳು ಸಿಕ್ಕಿದ್ರೆ ನಿಮ್ಮ ಅತ್ತಿಗೆ…” ಎಂದು ಅರ್ಧಕ್ಕೇ ನಿಲ್ಲಿಸಿದಳು.

ನಾನು ಅತ್ತಿಗೆಗೆ ಗಂಜಿ ಕುಡಿಸಿ, ವಾರ್ಡಿನಿಂದ ಹೊರಗೆ ಬರುವಾಗ ನಲ್ಲಿಯಲ್ಲಿ ಮೊಣಕೈವರೆಗೆ ತೊಳೆದುಕೊಂಡಿದ್ದೆ. ನರ್ಸಮ್ಮ ಹೇಳಿಕೊಟ್ಟ ಹಾಗೆ ಅಂಗೈ, ಹಿಂಗೈ, ಸಂದು, ಉಗುರು, ಒಂದೂ ಬಿಡದೆ. ಆ ಗಳಿಗೆಯಲ್ಲಿ ಆ ಕಟ್ಟಡದಲ್ಲಿ ನನ್ನ ಕೈಯಷ್ಟು ಶುಭ್ರವಾದದ್ದು ಇನ್ನೊಂದಿರಲಿಲ್ಲ. ತೊಳೆಯದೇ ಹೋಗಬೇಕಿತ್ತು ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಸುಳ್ಳು ಯಾಕೆ ಹೇಳಲಿ.

ಹನ್ನೊಂದು ಗಂಟೆಗೆ ಕರೆ ಬಂತು.

ಇಸ್ತ್ರಿಯ ಕೋಣೆಯಲ್ಲಿ ನಾಲ್ಕು ಜನ ಕೂತಿದ್ದರು. ತಪಾಸಣೆಗೆ ಬಂದ ಡಾಕ್ಟರಮ್ಮ, ಕತ್ತಿನಲ್ಲಿ ಕನ್ನಡಕ ನೇತುಹಾಕಿಕೊಂಡವಳು. ಅವಳ ಪಕ್ಕದಲ್ಲಿ ಬರೆದುಕೊಳ್ಳುವ ಗುಮಾಸ್ತ. ನಮ್ಮ ದೊಡ್ಡ ಡಾಕ್ಟರು. ಮೇಜಿನ ಆಚೆ ಇಸ್ತ್ರಿ. ಗೋಡೆಗೆ ಒರಗಿ ನರ್ಸಮ್ಮ ನಿಂತಿದ್ದಳು. ಅವಳಿಗೆ ಕುರ್ಚಿ ಕೊಟ್ಟಿರಲಿಲ್ಲ. ನೆಲದ ಬಿಳಿ ಪಟ್ಟಿ ಕಿತ್ತು ಹಾಕಿದ್ದರು, ಅಂಟಿನ ಗುರುತು ಉಳಿದಿತ್ತು.

“ಇವಳೇ ಮೇಡಂ,” ಎಂದ ಇಸ್ತ್ರಿ. “ಆ ಹೆಂಗಸಿನ ನಾದಿನಿ. ಇವಳೇ ಬರ್ಕೊಟ್ಟಿದ್ದಾಳೆ. ಚೀಲ ಬಿಚ್ಚೋ ಪದ್ಧತಿನೇ ನಮ್ಮಲ್ಲಿಲ್ಲ. ಈ ಜನದ ಮನೆ ಪರಿಸ್ಥಿತಿ ನಿಮಗೆ ಗೊತ್ತಲ್ಲ, ಸ್ವಚ್ಛತೆ ಅಂದ್ರೆ ಏನು ಅಂತ್ಲೇ ತಿಳಿಯಲ್ಲ. ಪಾಪ, ನಾವೇ ಖರ್ಚು ಹಾಕ್ಕೊಂಡು ನೋಡ್ಕೊಳ್ತಿದ್ದೀವಿ.”

“ಇದು ನಿಮ್ಮ ಸಹೀನಾ?” ಎಂದು ಡಾಕ್ಟರಮ್ಮ ಕಾಗದ ತೋರಿಸಿದಳು.

“ನಂದೇ.”

“ಓದಿ ಹಾಕಿದ್ದಾ?”

“ಓದಿನೇ ಹಾಕಿದ್ದು.”

ನರ್ಸಮ್ಮ ಕಣ್ಣು ಮುಚ್ಚಿಕೊಂಡಳು. ಇಸ್ತ್ರಿ ಕುರ್ಚಿಗೆ ಒರಗಿದ. ಹೊಸ ಕೋಟು. ನಾವೇ ಒತ್ತಿದ್ದು, ತೋಳಿನ ಮೇಲೆ ಒಂದೇ ಗೆರೆ.

“ಸಾರ್, ಒಂದು ಮಾತು ಕೇಳ್ಬೋದಾ?” ಎಂದೆ. “ಕೆಂಪು ಚೀಲದ ಬಟ್ಟೇಲಿ ಏನೂ ಇಲ್ಲ ಅಲ್ವಾ?”

“ಏನೂ ಇಲ್ಲ. ಮೇಡಂಗೆ ಅದನ್ನೇ ಹೇಳ್ತಿದ್ದೆ. ನಮ್ಮ ವಾರ್ಡಲ್ಲೇ ಎಲ್ಲಾ ಔಷಧಿ ಹಾಕಿ ಕಳಿಸ್ತಾರೆ.” ದೊಡ್ಡ ಡಾಕ್ಟರೂ ಗುಮಾಸ್ತನೂ ತಲೆಯಾಡಿಸಿದರು.

“ಮುಟ್ಟಿದ್ರೆ ಏನೂ ಆಗಲ್ಲ?”

“ಏನೂ ಆಗಲ್ಲ ಅಂದ್ನಲ್ಲಮ್ಮ.” ಎಂದೂ ಇಲ್ಲದ ‘ಅಮ್ಮ’ ಅವನ ಬಾಯಲ್ಲಿ.

“ಒಳ್ಳೇದಾಯ್ತು. ಅಭ್ಯಾಸ ನೋಡಿ, ಬಿಡೋಕಾಗಲಿಲ್ಲ. ಈಗ ತಾನೇ ಮೂವತ್ತೊಂದು ಶೀಟು ಕೊಡವಿ ಎಣಿಸಿ ಬಂದೆ. ಬರಿಗೈಲಿ. ಹಾಗೇ ಬಂದ್ಬಿಟ್ಟೆ, ತೊಳ್ಕೊಳ್ಳಲಿಲ್ಲ.” ಎರಡು ಹೆಜ್ಜೆ ಮುಂದೆ ಇಟ್ಟೆ. ಅಂಟಿನ ಗುರುತು ದಾಟಿದೆ. “ಕೈ ಕೊಡಿ ಸಾರ್.”

ಅವನ ಮುಖದ ಮೇಲೆ ನಗು ಹಾಗೇ ಇತ್ತು, ಬಣ್ಣ ಮಾತ್ರ ಹೋಯಿತು. “ಏನು ಹುಡುಗಾಟ ಇದು? ಹಿಂದೆ ಹೋಗು.”

“ನಮ್ಮ ಅತ್ತಿಗೇನ ಇಷ್ಟು ಚೆನ್ನಾಗಿ ನೋಡ್ಕೊಂಡಿದ್ದೀರಿ. ಕೈ ಹಿಡಿದು ಉಪಕಾರ ಆಯ್ತು ಅಂತ ಹೇಳೋದು ಬೇಡ್ವಾ?”

“ಏಯ್, ಹತ್ರ ಬರ್ಬೇಡ!”

ನಾನು ಮೇಜು ಸುತ್ತಿದೆ. ಅವನು ಎದ್ದು ಗೋಡೆಗೆ ಹೋದ. ಕುರ್ಚಿ ಬಿತ್ತು. ಕಿಟಕಿಗೂ ಬೀರುವಿಗೂ ನಡುವೆ ಸಿಕ್ಕಿಕೊಂಡ, ಎರಡೂ ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ನಾನು ತೋಳು ಹಿಡಿದು ಎಳೆದೆ. ಒದ್ದೆ ಕಂಬಳಿಗಳನ್ನು ಹಿಂಡಿ ಹಿಂಡಿ ಬೆಳೆದ ರಟ್ಟೆ ನನ್ನದು, ಅವನದು ಕಾಗದ ತಳ್ಳುವ ರಟ್ಟೆ. ಬಲಗೈ ನನ್ನ ಎರಡು ಕೈಗಳ ನಡುವೆ ಬಂತು. ಮೆತ್ತಗಿತ್ತು.

“ಬಿಡೇ! ಬಿಡೇ ಸೂಳೆ, ಸತ್ತೋಗ್ತೀನಿ! ಅದರಲ್ಲಿ ಏನಿದೆ ಗೊತ್ತೇನೇ ನಿಂಗೆ? ಔಷಧಿನೇ ಇಲ್ಲ ಕಣೇ ಅದಕ್ಕೆ! ಸಾರ್, ಹಿಡ್ಕೊಳ್ಳಿ ಇವಳನ್ನ, ಬಟ್ಟೆ ಕೊಡವಿ ಬಂದಿದ್ದಾಳೆ ಸಾರ್!”

ಯಾರೂ ಏಳಲಿಲ್ಲ. ಗುಮಾಸ್ತ ಬರೆಯುತ್ತಿದ್ದ.

ನಾನು ಅವನ ಹೆಬ್ಬೆರಳನ್ನು ಹಿಡಿದೆ. “ಒಂದು,” ಎಂದೆ, ಅವನು ನಮಗೆ ಹೇಳಿಕೊಟ್ಟ ಹಾಗೆ ಜೋರಾಗಿ. ಬೆರಳನ್ನು ಚೆನ್ನಾಗಿ ಬಿಡಿಸಿ, ತಿಕ್ಕಿ, ಮುಂದಿನದಕ್ಕೆ ಹೋದೆ. “ಎರಡು. ಮೂರು. ನಾಲ್ಕು. ಐದು.” ಅವನು ಮಗುವಿನಂತೆ ಅಳುತ್ತಿದ್ದ. ಮೂಗಿನಿಂದ ನೀರು ಇಳಿದು ತುಟಿಗೆ ಬಂದಿತ್ತು, ಒರೆಸಿಕೊಳ್ಳಲು ಕೈ ಮುಖದ ಹತ್ತಿರ ತರುವ ಧೈರ್ಯವಿರಲಿಲ್ಲ. “ಇನ್ನೊಂದ್ ಕೈ ಕೊಡಿ. ಆರು. ಏಳು. ಎಂಟು. ಒಂಬತ್ತು. ಹತ್ತು. ನಿಮ್ಮದು ಸರಿಯಾಗಿದೆ ಸಾರ್. ನಮ್ಮ ಮನೇದು ಐದು ಕಮ್ಮಿ ಬಂತು.”

ಬಿಟ್ಟೆ.

ಅವನು ಕೈಗಳನ್ನು ಮೈಯಿಂದ ದೂರ ಹಿಡಿದು, ಭುಜ ಕುಣಿಸಿ ಕೋಟನ್ನು ಕಳಚಿ ನೆಲಕ್ಕೆ ಎಸೆದ. ನಾನು ಹಿಡಿದ ತೋಳು ಅದರಲ್ಲಿತ್ತಲ್ಲ. ಬಾಗಿಲನ್ನು ಕಾಲಿನಿಂದ ಒದ್ದು ತೆರೆದ. “ತೊಳ್ಕೊಂಡು ಬರ್ತೀನಿ. ತೊಳ್ಕೊಂಡು ಬಂದು ಹೇಳ್ತೀನಿ,” ಎಂದು ಓಡಿದ. ಪಕ್ಕದ ಬಚ್ಚಲಲ್ಲಿ ನಲ್ಲಿ ತೆರೆದ ಸದ್ದು ಕೇಳಿಸಿತು.

ಡಾಕ್ಟರಮ್ಮ ಕನ್ನಡಕ ಹಾಕಿಕೊಂಡು ನನ್ನ ಸಹಿಯನ್ನು ಮತ್ತೊಮ್ಮೆ ನೋಡಿದಳು. ಆಮೇಲೆ ಕಾಗದವನ್ನು ಮಗುಚಿ ಹಾಕಿದಳು.

“ಕೂತ್ಕೊಳ್ಳಿ. ಮೊದಲಿಂದ ಹೇಳಿ.”

“ಅವನು ಬರ್ಲಿ. ಅವನೆದುರಿಗೇ ಹೇಳ್ತೀನಿ.”

ಕಾದೆವು. ದೊಡ್ಡ ಡಾಕ್ಟರು ತಮ್ಮ ಉಗುರುಗಳನ್ನು ನೋಡಿಕೊಳ್ಳುತ್ತಿದ್ದರು. ಗೋಡೆಯಾಚೆ ನೀರು ಸುರಿಯುತ್ತಲೇ ಇತ್ತು. ತುಂಬಾ ಹೊತ್ತಾದ ಮೇಲೆ ಡಾಕ್ಟರಮ್ಮ ಬಾಗಿಲ ಬಳಿ ನಿಂತಿದ್ದ ಜವಾನನನ್ನು ಕಳಿಸಿದಳು. ಅವನು ವಾಪಸ್ ಬಂದಾಗ ಚಪ್ಪಲಿ ಒದ್ದೆಯಾಗಿದ್ದವು.

“ನಲ್ಲಿ ಬಿಟ್ಟ ಹಾಗೇ ಇದೆ ಮೇಡಂ. ಇಡೀ ಸೋಪು ಕರಗಿ ಹೋಗಿದೆ. ಸಾಹೇಬ್ರು ಇಲ್ಲ. ಗೇಟಿನವನು ಹೇಳ್ದ, ಬರೀ ಅಂಗೀಲಿ ಓಡಿಹೋದ್ರಂತೆ.”

ಅಂದು ಅವನು ಬರಲಿಲ್ಲ. ಆಮೇಲೂ ಬರಲಿಲ್ಲ.

ನಾನು ಕೂತು ಹೇಳತೊಡಗಿದೆ. ಕೋಟು ನೆಲದ ಮೇಲೆ, ಎಲ್ಲರ ಕಾಲಿನ ನಡುವೆ ಬಿದ್ದಿತ್ತು. ಗುಮಾಸ್ತ ಕಾಲು ಮಡಚಿಕೊಂಡ. ದೊಡ್ಡ ಡಾಕ್ಟರು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. ಏನೂ ಇಲ್ಲ ಎಂದು ಇಷ್ಟು ಹೊತ್ತು ತಲೆಯಾಡಿಸುತ್ತಿದ್ದವರಲ್ಲಿ ಒಬ್ಬರೂ ಅದನ್ನು ಎತ್ತಿ ಬದಿಗಿಡಲಿಲ್ಲ.